ವಾಸನೆ ತಿರುಗಿದ ಗಳಿಗೆ

ಚಾಮರಾಜನಗರ

ಲಂಕೆಗೆ ಹೋಗಿ ಬಂದೆ ಎಂದರೆ ನಮ್ಮೂರಿನವರ ಮೊದಲ ಪ್ರಶ್ನೆ, "ಬೆಂಕಿ ಅಚ್ಬುಟ್ಟು ಬಂದ್ಯಾ?" ಹಚ್ಚಿದೆ. ಒಂದಲ್ಲ, ಮೂರು ಸಲ ಹಚ್ಚಿದೆ. ಮೂರೂ ಸಲ ಅರಿಶಿನ ಬೇಯಿಸುವ ಕೊಪ್ಪರಿಗೆಯ ಕೆಳಗೆ. ಮೊದಲ ಸಲ ಅರಿಶಿನದ ಜೊತೆ ನನ್ನ ಮಾನವೂ ಬೆಂದುಹೋಯಿತು. ಉಳಿದೆರಡು ಸಲ ಏನಾಯಿತು ಎನ್ನುವುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಗಬೇಕಾಗಿದ್ದವಳು ನಾನಲ್ಲ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಮಗ್ಗುಲಿನಲ್ಲಿ ನಮ್ಮೂರು. ಆ ಸುತ್ತಿನಲ್ಲಿ ಅರಿಶಿನ ಬೇಯಿಸುವುದರಲ್ಲಿ ನಮ್ಮ ಯಜಮಾನರು ಎತ್ತಿದ ಕೈ ಎಂದು ಹೆಸರು. ಈಗ ಎಲ್ಲರೂ ಬಾಡಿಗೆಯ ಸ್ಟೀಮ್ ಬಾಯ್ಲರ್ ತರಿಸುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಇನ್ನೂ ತಾಮ್ರದ ದೊಡ್ಡ ಕೊಪ್ಪರಿಗೆ, ಮೂರು ಕಲ್ಲಿನ ಒಲೆ. ಶ್ರೀಲಂಕಾದ ಮಾತಳೆ ಎಂಬ ಊರಿನ ಹೆಂಗಸರ ಗುಂಪೊಂದು ಅರಿಶಿನ ಬೆಳೆಯಲು ಶುರುಮಾಡಿ, ಬೇಯಿಸುವುದು ಹದಕ್ಕೆ ಬಾರದೆ ಹಿಂದಿನ ವರ್ಷದ ಬೆಳೆಯನ್ನೆಲ್ಲ ಹಾಳುಮಾಡಿಕೊಂಡಿತ್ತಂತೆ. ಈ ಸಲವೂ ಕೆಟ್ಟರೆ ಗಂಡಂದಿರು ಅರಿಶಿನದ ಜಾಗಕ್ಕೆಲ್ಲ ಮೆಣಸಿನ ಬಳ್ಳಿ ನೆಡುವುದೆಂದು ತೀರ್ಮಾನವಾಗಿತ್ತು. ಬಲ್ಲವರೊಬ್ಬರು ಬಂದು ಹದಿನೈದು ದಿನ ಇದ್ದು ತೋರಿಸಿಕೊಡಿ ಎಂದು ನಮ್ಮ ಬೆಳೆಗಾರರ ಸಂಘಕ್ಕೆ ಅವರು ಬರೆದರು. ಹೆಂಗಸರ ಗುಂಪಾದ್ದರಿಂದ ಗಂಡ ಹೆಂಡತಿ ಇಬ್ಬರೂ ಹೋಗಲಿ ಎಂದು ಸಂಘದ ಕಾರ್ಯದರ್ಶಿಗಳು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದರು.

ನಮ್ಮ ಯಜಮಾನರು ಆನೆಗೆ ಹೆದರುವವರಲ್ಲ. ಕಬ್ಬಿಗೆ ಇಳಿದ ಒಂಟಿಸಲಗವನ್ನು ಬಾಯಿಗೆ ಬಂದಂತೆ ಬೈದೇ ಓಡಿಸಿದವರು. ಅಂಥವರು ವಿಮಾನಕ್ಕೆ ಹೆದರಿದರು. ಹೊರಡಲು ನಾಲ್ಕು ದಿನ ಇರುವಾಗ ಮುದ್ದೆಯ ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಹೇಳಿದರು:

"ನಾ ಬರಕಿಲ್ಲ ಕಣಮ್ಮಿ. ನೀನೇ ಓಗ್ಬುಟ್ಟು ಬಾ."

"ನಾನಾ? ನಾನೇನ್ ಬೇಯ್ಸೀನಿ? ಕಡ್ಡಿ ಚುಚ್ಚೋರು ನೀವು!"

"ಫೋನಿಲ್ವಾ? ವಿಡಿಯೋದಲ್ಲಿ ತೋರ್ಸು. ಇಲ್ಲೇ ಕುಂತ್ಕಂಡು ಯೋಳ್ತೀನಿ."

ಈ ಕಡ್ಡಿಯ ವಿಷಯ ಹೇಳಿಬಿಡುತ್ತೇನೆ. ಹಸಿ ಅರಿಶಿನವನ್ನು ನೀರಿನಲ್ಲಿ ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸಬೇಕು. ಕಡಿಮೆ ಬೆಂದರೆ ಒಣಗಿದ ಮೇಲೆ ಪುಡಿಪುಡಿ. ಹೆಚ್ಚು ಬೆಂದರೆ ಬಣ್ಣ ನೀರಿಗೆ ಹೋಗುತ್ತದೆ. ಸರಿಯಾದ ಗಳಿಗೆಗೆ ಒಲೆಯಿಂದ ಬೆಂಕಿ ಎಳೆಯಬೇಕು. ಆ ಗಳಿಗೆ ಬಂತೇ ಎಂದು ನೋಡಲು ಪೊರಕೆಯ ಕಡ್ಡಿಯನ್ನು ಕೊಂಬಿಗೆ ಚುಚ್ಚುತ್ತಾರೆ. ತಡೆಯಿಲ್ಲದೆ ಆಚೆ ಬಂದರೆ ಬೆಂದಂತೆ. ನಮ್ಮ ಕಡೆ ಅರಿಶಿನ ಕೀಳುವುದು, ತೊಳೆಯುವುದು, ಉರಿ ಹಾಕುವುದು ಎಲ್ಲ ಹೆಂಗಸರೇ. ಕಡ್ಡಿ ಚುಚ್ಚಿ "ಬೆಂಕಿ ಎಳೀರಿ" ಎನ್ನುವುದು ಮಾತ್ರ ಮನೆಯ ಯಜಮಾನ. ಇದು ಯಾರೂ ಬರೆದಿಟ್ಟ ಕಾನೂನಲ್ಲ, ನಮ್ಮತ್ತೆಯ ಕಾಲದಿಂದ ನಡೆದುಬಂದದ್ದು. ಇಪ್ಪತ್ತೆರಡು ವರ್ಷ ಉರಿ ಹಾಕಿದ ನಾನು ಒಂದು ಸಲವೂ ಕಡ್ಡಿ ಮುಟ್ಟಿದವಳಲ್ಲ.

ಆದರೂ ಹೊರಟೆ. ಒಂದು ಕಾರಣ, ವಿಮಾನ ಹತ್ತುವ ಆಸೆ. ಇನ್ನೊಂದು, ನನ್ನ ತವರು ಪುಣಜನೂರು. ಸತ್ಯಮಂಗಲದ ರಸ್ತೆಯಲ್ಲಿ ಹುಟ್ಟಿದವರಿಗೆ ತಮಿಳನ್ನು ಯಾರೂ ಕಲಿಸಬೇಕಾಗಿಲ್ಲ. ಅಲ್ಲಿ ತಮಿಳು ನಡೆಯುತ್ತದೆ ಎಂದು ಕಾರ್ಯದರ್ಶಿಗಳು ಹೇಳಿದ್ದರು.

ಕೊಲಂಬೊದಿಂದ ಬಸ್ಸು

ಕೊಲಂಬೊದಲ್ಲಿ ನನ್ನನ್ನು ಎದುರುಗೊಂಡವರು ಸರೋಜಾ ಟೀಚರ್. ಮಾತಳೆಯ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಮಾತು ತಮಿಳು, ಸಿಂಹಳವೂ ಸರಾಗ. ಹೆಂಗಸರ ಗುಂಪಿಗೂ ನನಗೂ ನಡುವೆ ಸೇತುವೆಯಾಗಿ ನಿಂತವರು ಅವರೇ. ನನ್ನ ತಮಿಳು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನದು ಕಾಡಂಚಿನ ತಮಿಳು. ಅವರದು ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ತಮಿಳು.

ಬಸ್ಸು ಹತ್ತಿದ ಕೂಡಲೇ ಮುಂದಿನ ಸೀಟು ಖಾಲಿ ಕಂಡಿತು. ನಾನು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಪಳಗಿದವಳು. ಖಾಲಿ ಸೀಟು ಕಂಡರೆ ಮೊದಲು ಬ್ಯಾಗು, ಆಮೇಲೆ ಮೈ. ಕೂತು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಬಸ್ಸಿನವರೆಲ್ಲ ನನ್ನತ್ತ ತಿರುಗಿದರು. ಟೀಚರ್ ನನ್ನ ತೋಳು ಹಿಡಿದು ಎಳೆದರು. ಮೊದಲ ಸೀಟು ಭಿಕ್ಷುಗಳಿಗೆ ಮೀಸಲಂತೆ. ಅವರು ಬಸ್ಸಿನಲ್ಲಿ ಇಲ್ಲದಿದ್ದರೂ ಬೇರೆಯವರು ಅಲ್ಲಿ ಕೂರಲು ಹಿಂಜರಿಯುತ್ತಾರಂತೆ. ಅಷ್ಟು ಜನ ನಿಂತಿದ್ದರು, ಆ ಸೀಟು ಖಾಲಿಯೇ ಇತ್ತು. ನಮ್ಮಲ್ಲಿ ಮಹಿಳೆಯರಿಗೆ ಎಂದು ಬರೆದ ಸೀಟಿನಲ್ಲಿ ಗಂಡಸರು ಕೂತು, ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವರಂತೆ ನೋಡುತ್ತಿರುತ್ತಾರೆ. ಅದನ್ನು ಟೀಚರಿಗೆ ಹೇಳಿದೆ. "ಆ ವಿದ್ಯೆ ನಮ್ಮ ಗಂಡಸರಿಗೂ ಗೊತ್ತು" ಎಂದರು.

ಮಾತಳೆಯ ಊಟ

ಗುಂಪಿನ ಹಿರಿಯಳು ಮೆಣಿಕೆ. ಅರವತ್ತೈದು ದಾಟಿದ ಸಣಕಲು ಮುದುಕಿ, ಮಾತು ಕಡಿಮೆ, ಕಣ್ಣು ಚುರುಕು. ನನ್ನನ್ನು ಇಳಿಸಿಕೊಂಡದ್ದು ಅವಳ ಮನೆಯಲ್ಲೇ. ಬಂದವರಿಗೆ ಅಲ್ಲಿ ಹಾಲಿಲ್ಲದ, ಸಕ್ಕರೆಯಿಲ್ಲದ ಟೀ ಕೊಟ್ಟು, ಅಂಗೈಗೆ ಒಂದು ತುಂಡು ಬೆಲ್ಲ ಇಡುತ್ತಾರೆ. ಬೆಲ್ಲ ಕಚ್ಚಬೇಕು, ಟೀ ಹೀರಬೇಕು. ನಾನು ತಿಳಿಯದೆ ಬೆಲ್ಲವನ್ನು ಟೀಗೆ ಹಾಕಿ ಬೆರಳಲ್ಲಿ ಕಲಕಿದೆ. ಮೆಣಿಕೆ ಎದ್ದು ಒಳಗೆ ಹೋದಳು. ಇನ್ನೊಂದು ತುಂಡು ತಂದು ಅಂಗೈಗಿಟ್ಟಳು.

ನಾವು ಮಾಂಸ ಮೀನು ಮುಟ್ಟದ ಮನೆಯವರು ಎಂದು ಟೀಚರ್ ಮೊದಲೇ ಹೇಳಿದ್ದರು. ಕೆಂಪಕ್ಕಿ ಅನ್ನ, ಹಲಸಿನ ಪಲ್ಯ, ಕೆಂಪಗಿನ ಕಾಯಿಚಟ್ನಿ. ಚಟ್ನಿಯ ಮೊದಲ ತುತ್ತಿಗೇ ಮೂಗು, ಇದರಲ್ಲಿ ಏನೋ ಇದೆ ಎಂದಿತು. "ಮೀನು ಇಲ್ಲ ತಾನೆ?" ಎಂದು ಕೇಳಿದೆ. "ಇಲ್ಲ ಇಲ್ಲ" ಎಂದರು ಎಲ್ಲರೂ. ಅವರೇ ಹೇಳುವಾಗ ನನ್ನ ಮೂಗಿನದೇನು ದೊಡ್ಡಸ್ತಿಕೆ ಎಂದು ಎರಡು ಸಲ ಹಾಕಿಸಿಕೊಂಡೆ. ಕೈ ತೊಳೆಯುವಾಗ ಅಡುಗೆಮನೆಯಲ್ಲಿ ಮೆಣಿಕೆಯ ಸೊಸೆ ಮರದ ತುಂಡಿನಂಥದ್ದೇನನ್ನೋ ಕುಟ್ಟುತ್ತಿದ್ದಳು. ಒಣಗಿಸಿದ ಮೀನು. "ಅದು ಮೀನಲ್ಲ, ರುಚಿಗೆ ಹಾಕುವ ಪುಡಿ" ಎಂದು ಟೀಚರ್ ಪೆಚ್ಚಾಗಿ ಹೇಳಿದರು.

ವಿಭೂತಿ ಹಚ್ಚಿದ ಹಣೆ ಹೊತ್ತು ಹಿತ್ತಲಿಗೆ ಹೋಗಿ ನಿಂತೆ. ಮಾದಪ್ಪಾ, ಗೊತ್ತಿಲ್ದೆ ತಿಂದೆ ಕಣಪ್ಪ ಎಂದು ಕೈಮುಗಿದೆ. ಗೊತ್ತಿಲ್ಲದೆ ಎಂದದ್ದು ಪೂರ್ತಿ ನಿಜವಲ್ಲ, ಮೂಗಿಗೆ ಗೊತ್ತಿತ್ತು. ಇದನ್ನು ಇಲ್ಲಿ ಬರೆದಿರುವುದರಿಂದ ಇನ್ನು ಅತ್ತೆಗೂ ತಿಳಿಯುತ್ತದೆ, ತಿಳಿಯಲಿ.

ಮೊದಲ ಕೊಪ್ಪರಿಗೆ

ಗುಂಪಿನ ಹನ್ನೊಂದು ಮನೆಗಳ ಅರಿಶಿನ ಎರಡು ಕೊಪ್ಪರಿಗೆಗೆ ಆಗುವಷ್ಟಿತ್ತು. ಮೆಣಿಕೆಯದೊಂದು ತುಂಡು ನೆಲ ಮಾತ್ರ ಇನ್ನೂ ಕಿತ್ತಿರಲಿಲ್ಲ. ಎಲೆ ಬಾಡಬೇಕಾಗಿತ್ತು. ಕೊಂಬುಗಳು ನಮ್ಮವಕ್ಕಿಂತ ಸಣ್ಣ, ಸಿಪ್ಪೆ ತೆಳು. ಸೌದೆ, ನಾವು ಬದುವಿನ ಮೇಲೆ ನೆಡುವ ಗೊಬ್ಬರದ ಗಿಡದ್ದು, ಚೆನ್ನಾಗಿ ಒಣಗಿತ್ತು. ಉರಿ ಭರ್ಜರಿಯಾಗಿ ಎದ್ದಿತು. ಮೇಲೆ ಅರಿಶಿನದ ಎಲೆಯನ್ನೇ ಹೊದಿಸಿದೆವು.

ನಾನು ಹೆಂಗಸರ ಮುಂದೆ ಬಹಳ ಗತ್ತಿನಿಂದ ಫೋನನ್ನು ಒಂದು ಕವೆಗೋಲಿಗೆ ಕಟ್ಟಿ ನಿಲ್ಲಿಸಿದೆ. ಪರದೆಯ ಮೇಲೆ ನಮ್ಮ ಯಜಮಾನರು. ಹೊಸ ಅಂಗಿ, ಹೆಗಲ ಮೇಲೆ ಟವಲು, ಹಿಂದೆ ನಮ್ಮ ಜಗಲಿ. ಹೆಂಗಸರೆಲ್ಲ ಫೋನಿಗೆ ಕೈಮುಗಿದರು. ಅವರೂ ಮುಗಿದರು.

ನೀರು ಕುದಿಯಿತು, ನೊರೆ ಎದ್ದಿತು. ಅರಿಶಿನ ಬೇಯುವಾಗ ಮೊದಲು ಬರುವುದು ಹಸಿ ಮಣ್ಣಿನ ಘಾಟು. ಆಮೇಲೆ ಗಂಟಲು ಹಿಡಿಯುವ ಕಹಿ. ಅದು ಇದ್ದಕ್ಕಿದ್ದಂತೆ ತಿರುಗಿ, ಬೇಯಿಸಿದ ಗೆಣಸಿನ ವಾಸನೆಗೆ ಹತ್ತಿರ ಬರುತ್ತದೆ. ಅಂದು ನಾನೆಣಿಸಿದ್ದಕ್ಕಿಂತ ಬೇಗ ಅದು ತಿರುಗಿತು. ನನಗೆ ಸ್ಪಷ್ಟವಾಗಿ ತಿಳಿಯಿತು. ಫೋನಿನ ಕಡೆ ನೋಡಿದೆ.

"ಎಂಗೈತೆ ನೊರೆ?" ಎಂದರು ಯಜಮಾನರು.

"ಮ್ಯಾಲಕ್ಕೆ ಬಂದದೆ. ಎಳಸ್ಲಾ?"

"ತಡಿ ತಡಿ. ಇನ್ನೊಂದ್..."

ಅಲ್ಲಿಗೆ ಚಿತ್ರ ನಿಂತುಹೋಯಿತು. ಬಾಯಿ ಅರ್ಧ ತೆರೆದು, ಒಂದು ಬೆರಳು ಮೇಲೆತ್ತಿ, ನಮ್ಮ ಯಜಮಾನರು ನಿಂತೇಬಿಟ್ಟರು. ಇನ್ನೊಂದು ಏನು? ಒಂದು ಗಳಿಗೆಯೋ, ಒಂದು ಕುದಿಯೋ, ಒಂದು ಗಂಟೆಯೋ? ನಾನು ಕಾದೆ. ಹನ್ನೊಂದು ಹೆಂಗಸರು ನನ್ನ ಮುಖ ನೋಡುತ್ತಿದ್ದರು, ನಾನು ನಿಂತುಹೋದ ಫೋನಿನ ಮುಖ ನೋಡುತ್ತಿದ್ದೆ. ಕಡ್ಡಿ ನನ್ನ ಕಾಲ ಬಳಿಯೇ ಬಿದ್ದಿತ್ತು. ಬಗ್ಗಿ ತೆಗೆದುಕೊಳ್ಳಬೇಕೆಂದು ನನಗೆ ಹೊಳೆಯಲೇ ಇಲ್ಲ ಎಂದರೆ ಈಗ ನನಗೇ ನಗು ಬರುತ್ತದೆ. ಅಂದು ನಗು ಬಂದಿರಲಿಲ್ಲ.

ಇಪ್ಪತ್ತು ನಿಮಿಷವಾದ ಮೇಲೆ ಚಿತ್ರ ಅಲುಗಾಡಿತು. "ಆಯ್ತಾ?" ಎಂದರು.

ಆಗಿತ್ತು. ನೀರೆಲ್ಲ ಅರಿಶಿನವಾಗಿ, ಅರಿಶಿನವೆಲ್ಲ ಮುದ್ದೆಯಾಗಿತ್ತು. ಮೆಣಿಕೆ ಒಂದು ಕೊಂಬನ್ನು ಎರಡು ಬೆರಳಲ್ಲಿ ಎತ್ತಿದಳು, ಅದು ಅಲ್ಲೇ ಜಾರಿ ಬಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನನಗೆ ಬೆಲ್ಲದ ಟೀ ಕೊಟ್ಟು ಕೂರಿಸಿದರು. ಅರ್ಧ ಬೆಳೆ ಹೋಗಿತ್ತು.

ಅದೇ ಸಂಜೆ

ಮೆಣಸಿನ ಬಳ್ಳಿಗಳ ಕೆಳಗೆ ಕೂತು ಮನೆಗೆ ಫೋನು ಮಾಡಿದೆ. ಮನಸ್ಸಿನಲ್ಲಿ ಎರಡೇ ಮಾತಿದ್ದವು. ಒಂದು, ಯಜಮಾನರಿಗೆ ಚೆನ್ನಾಗಿ ಉಗಿಯುವುದು. ಇನ್ನೊಂದು, ಬಲ್ಲವರು ಯಾರನ್ನಾದರೂ ಕಳಿಸಿ, ನಾನು ವಾಪಸು ಬರುತ್ತೇನೆ ಎಂದು ಕಾರ್ಯದರ್ಶಿಗೆ ಹೇಳಿಸುವುದು.

"ಏನ್ರೀ, ಜನರ ಬೆಳೆ ಆಳ್ಮಾಡ್ಬುಟ್ರಲ್ಲ! ಎಳಸ್ಲಾ ಅಂದ್ರೆ ತಡಿ ಅಂದ್ರಿ."

ಆ ಕಡೆ ಅವರು ಜಗಲಿಯಿಂದ ಎದ್ದ ಸದ್ದು ಕೇಳಿಸಿತು.

"ನೀನು ಯೋಳ್ನಿಲ್ವಲ್ಲಮ್ಮಿ" ಎಂದರು, ಮೆಲ್ಲಗೆ.

"ಏನ?"

"ವಾಸ್ನೆ ತಿರುಗ್ತು ಅಂತ. ಪ್ರತಿ ವರ್ಷ ಉರಿ ಹಾಕ್ತಾ ಹಾಕ್ತಾ ಅಂತೀಯಲ್ಲ, ವಾಸ್ನೆ ತಿರುಗ್ತು ಕಣ್ರೀ ಅಂತ. ಅದ ಕೇಳ್ಕಂಡಲ್ವಾ ನಾನು ಕಡ್ಡಿ ತಕ್ಕೊಳ್ಳೋದು? ಇವತ್ತೂ ಅದ್ನೇ ಕಾಯ್ಕಂಡು ಕುಂತಿದ್ದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಕಡ್ಡಿ ಬುಡು, ಯಾವ ಮಗು ಬೇಕಾದ್ರೂ ಚುಚ್ತದೆ. ಯಾವಾಗ ಚುಚ್ಬೇಕು ಅನ್ನೋದು ನಂಗೆಲ್ಲಮ್ಮಿ ಗೊತ್ತು? ನಮ್ಮಪ್ಪಂಗೂ ಅಷ್ಟೇ, ನಮ್ಮವ್ವ ಯೋಳೋಳು."

ಇಪ್ಪತ್ತೆರಡು ವರ್ಷ ನಾನು ಅವರನ್ನು ಕಾದಿದ್ದೆ, ಅವರು ನನ್ನನ್ನು ಕಾದಿದ್ದರು. ಊರೆಲ್ಲ ಹೊಗಳಿದ ಕೈ ಅವರದು, ಆ ಕೈಗೆ ಹೇಳಿಕೊಟ್ಟ ಮೂಗು ನನ್ನದು. ಅದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವಳು ನಾನೊಬ್ಬಳೇ. ಸಿಟ್ಟು ಬಂತು. ಇಷ್ಟು ವರ್ಷ ಬಾಯಿಬಿಡಲಿಲ್ಲವಲ್ಲ ಎಂದು ಅವರ ಮೇಲೆ, ಅದಕ್ಕಿಂತ ಹೆಚ್ಚು ನನ್ನ ಮೇಲೆ. ಪರರ ಮನೆಯ ಚಟ್ನಿಯಿಂದ ಹಿಡಿದು ಪರರ ಕೊಪ್ಪರಿಗೆಯವರೆಗೆ ನನ್ನೊಳಗಿನದು ಸರಿಯಾಗಿಯೇ ಹೇಳುತ್ತಿತ್ತು. ನಾನೇ ಬಾಯಿ ಮುಚ್ಚು ಎಂದು ಅದನ್ನು ಗದರಿಸುತ್ತಾ ಬಂದಿದ್ದೆ. ಸಿಟ್ಟಿನ ಹಿಂದೆಯೇ ಖುಷಿಯೂ ಬಂತು. ಅಳು ಬರುವಷ್ಟು ಖುಷಿ, ಅತ್ತೂಬಿಟ್ಟೆ.

"ಕಾರ್ಯದರ್ಶಿಗೆ ಏನ್ ಯೋಳ್ಲಿ?" ಎಂದರು ಯಜಮಾನರು.

"ಏನೂ ಬ್ಯಾಡ. ನಾಳೆ ಫೋನ್ ಮಾಡ್ಬ್ಯಾಡಿ. ನಾನೇ ಮಾಡ್ತೀನಿ" ಎಂದೆ.

ಎರಡನೆಯ ಕೊಪ್ಪರಿಗೆ

ಬೆಳಿಗ್ಗೆ ಹೆಂಗಸರ ಮುಖದಲ್ಲಿ ಮರ್ಯಾದೆ ಇತ್ತು, ನಂಬಿಕೆ ಇರಲಿಲ್ಲ. ತಪ್ಪು ಅವರದಲ್ಲ. ಯಾರೋ ಒಂದು ಕಾಗದ ತಂದಿದ್ದರು. ಅರಿಶಿನವನ್ನು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಟೀಚರ್ ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದರು.

"ತಂಗಚ್ಚಿ, ಈ ಸಲ ಗಡಿಯಾರ ನೋಡೋಣ. ಗಡಿಯಾರ ನಿಂತುಹೋಗುವುದಿಲ್ಲ" ಎಂದರು. ಚುಚ್ಚುಮಾತಲ್ಲ, ನನ್ನನ್ನು ಉಳಿಸುವ ಮಾತು.

"ನೋಡಿ ಟೀಚರ್. ನಾನು ನನ್ನದನ್ನು ನೋಡುತ್ತೇನೆ" ಎಂದೆ.

ಫೋನನ್ನು ಚೀಲದಲ್ಲಿಟ್ಟು ಒಲೆಯ ಬಳಿ ಕುಕ್ಕರಗಾಲಲ್ಲಿ ಕೂತೆ. ಕಣ್ಣು ಮುಚ್ಚಿದೆ. ಹಸಿ ಘಾಟು ಬಂತು. ಎಲೆ ಬಾಡಿದ ವಾಸನೆ ಬಂತು. ಕಹಿ ಬಂತು, ನಿಂತಿತು, ಗಟ್ಟಿಯಾಯಿತು. ನಡುವೆ ಒಮ್ಮೆ ಅನುಮಾನವೂ ಬಂತು. ಇದು ನಮ್ಮ ನೆಲವಲ್ಲ, ನಮ್ಮ ಸೌದೆಯಲ್ಲ, ನಮ್ಮ ನೀರೂ ಅಲ್ಲ. ನಿನ್ನೆ ಸರಿಯಾಗಿ ಹೇಳಿದ ಮೂಗು ಇವತ್ತು ಕೈಕೊಟ್ಟರೆ? ಬೆವರಿನಿಂದ ರವಿಕೆ ಬೆನ್ನಿಗೆ ಅಂಟಿತು. ಆಗ ಅದು ತಿರುಗಿತು.

"ಬೆಂಕಿ ಎಳೀರಿ" ಎಂದೆ. ಬಾಯಿಗೆ ಬಂದದ್ದು ಕನ್ನಡವೇ. ಆಮೇಲೆ ತಮಿಳಿನಲ್ಲಿ ಹೇಳಿದೆ.

"ಮೂವತ್ತೆರಡೇ ನಿಮಿಷ!" ಎಂದರು ಟೀಚರ್. ಹೆಂಗಸರು ಅಲುಗಲಿಲ್ಲ. ಒಬ್ಬಳು ಕಾಗದ ಎತ್ತಿ ತೋರಿಸಿದಳು.

"ಕೊಂಬು ಸಣ್ಣ, ಸಿಪ್ಪೆ ತೆಳು, ಉರಿ ಜೋರು. ಕಾಗದಕ್ಕೆ ಮೂಗಿಲ್ಲ. ಎಳೀರಿ ಅಂದೆ!"

ಯಾರೂ ಬರಲಿಲ್ಲವೆಂದು ನಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉರಿಯುವ ಕೊಳ್ಳಿಗಳನ್ನು ಒಂದೊಂದಾಗಿ ಎಳೆದು ಮಣ್ಣಿಗೆ ಹಾಕಿದೆ. ಎರಡನೆಯ ಕೊಳ್ಳಿಗೆ ಮೆಣಿಕೆ ಕೈ ಹಾಕಿದಳು. ಮೂರನೆಯದಕ್ಕೆ ಎಲ್ಲರೂ ಬಂದರು. ಒಂದು ಕೊಂಬು ತೆಗೆದು, ಕಡ್ಡಿ ಎತ್ತಿ, ಜೀವಮಾನದಲ್ಲಿ ಮೊದಲ ಸಲ ಚುಚ್ಚಿದೆ. ಬೆಣ್ಣೆಗೆ ಇಳಿದಂತೆ ಆಚೆ ಬಂತು. ಕತ್ತಿಯಿಂದ ಸೀಳಿದೆ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ, ಎಲ್ಲೂ ಬಿಳಿ ಉಳಿದಿರಲಿಲ್ಲ. ಮೆಣಿಕೆ ಆ ಎರಡು ಹೋಳನ್ನು ಅಂಗೈಯಲ್ಲಿಟ್ಟು ಮನೆಮನೆಗೂ ತೋರಿಸಿ ಬಂದಳು, ಮೆಣಸಿನ ಬಳ್ಳಿ ನೆಡಲು ಗುಂಡಿ ತೋಡುತ್ತಿದ್ದ ಗಂಡನಿಗೂ.

ಅಂದು ಸಂಜೆ ಫೋನು ಮಾಡಿದಾಗ ಯಜಮಾನರು ಕೇಳಿದ್ದು ಒಂದೇ ಮಾತು. "ಬೆಂತಾ?"

"ಬೆಂತು."

"ಯಾರ್ ಯೋಳುದ್ರು?"

"ನಾನೇ ಕಣ್ರೀ" ಎಂದೆ. ಅವರು ನಕ್ಕ ನಗು ಜಗಲಿಯಲ್ಲಿದ್ದ ಅತ್ತೆಗೂ ಕೇಳಿಸಿರಬೇಕು.

ಹನ್ನೆರಡನೆಯ ದಿನ

ಹರವಿದ ಅರಿಶಿನ ಬಿಸಿಲಿಗೆ ಒಣಗಿ ಗಲಗಲ ಎನ್ನತೊಡಗಿತು. ಮುರಿದರೆ ಟಣ್ ಎಂದು ಒಡೆಯುತ್ತಿತ್ತು, ಒಳಗೆ ಕಿತ್ತಳೆಗೆ ತಿರುಗಿದ ಹಳದಿ. ಹೆಂಗಸರು ಬೇಕೆಂದೇ ಮುರಿದು ಮುರಿದು ಆ ಸದ್ದು ಕೇಳುತ್ತಿದ್ದರು. ಗುಂಡಿ ತೋಡಿದವರು ಗುಂಡಿ ಮುಚ್ಚಿದರು. ನನಗೆ ದಿನಕ್ಕೊಂದು ಮನೆಯಲ್ಲಿ ಊಟ, ಎಲ್ಲೆಡೆ ಚಟ್ನಿಯ ಎರಡು ಬಟ್ಟಲು. ನನ್ನದು ಯಾವುದು ಎಂದು ನಾನೇ ಮೂಸಿ ತೆಗೆದುಕೊಳ್ಳುತ್ತಿದ್ದೆ.

ಆದರೆ ಒಂದು ಚಿಂತೆ ಕೊರೆಯುತ್ತಿತ್ತು. ಇನ್ನು ಮೂರು ದಿನಕ್ಕೆ ನಾನು ಹೊರಡುವವಳು. ಮುಂದಿನ ವರ್ಷ ಇವರು ಏನು ಮಾಡುತ್ತಾರೆ? ನನಗೆ ವಿಡಿಯೋ ಮಾಡುತ್ತಾರೆ. ಫೋನಿನಲ್ಲಿ ವಾಸನೆ ಬರುವುದಿಲ್ಲ.

ಮೆಣಿಕೆಯ ತುಂಡು ನೆಲದ ಅರಿಶಿನ ಅಂದು ಒಲೆಗೇರಿತು. ಅವಳ ಬೆಳೆ, ಅವಳ ಅಂಗಳ, ಅವಳ ಸೌದೆ. ಎಲ್ಲರೂ ನನಗೆ ಒಲೆಯ ಪಕ್ಕ ಮಣೆ ಹಾಕಿದರು. ನಾನು ಅದರ ಮೇಲೆ ಮೆಣಿಕೆಯನ್ನು ಕೂರಿಸಿದೆ. ಅವಳು ಗಾಬರಿಯಾಗಿ ಏನೋ ಹೇಳಿದಳು.

"ತನಗೆ ಗೊತ್ತಿಲ್ಲ ಎನ್ನುತ್ತಾಳೆ" ಎಂದರು ಟೀಚರ್.

"ಎರಡು ಕೊಪ್ಪರಿಗೆಯ ಪಕ್ಕ ಅವಳೂ ಇದ್ದಳಲ್ಲ, ಅವಳ ಮೂಗೂ ಇತ್ತಲ್ಲ. ಹೇಳಿ."

ಟೀಚರ್ ಹೇಳಿದರು. ಮೆಣಿಕೆ ಕೂತಳು. ಆದರೆ ಅವಳ ಕಣ್ಣು ಕೊಪ್ಪರಿಗೆಯ ಮೇಲಿರಲಿಲ್ಲ, ನನ್ನ ಮುಖದ ಮೇಲಿತ್ತು. ನನ್ನ ಹುಬ್ಬು ಅಲುಗಿದರೂ ಓದಿಬಿಡುವ ಹಾಗೆ ನೋಡುತ್ತಿದ್ದಳು. ಆ ನೋಟ ನನಗೆ ಹೊಸದಲ್ಲ. ಎದ್ದು ಅಂಗಳದ ಆ ತುದಿಗೆ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ಕೂತೆ.

ಗಾಳಿ ನನ್ನ ಕಡೆಗೇ ಬೀಸುತ್ತಿತ್ತು. ಘಾಟು ಬಂತು, ಕಹಿ ಬಂತು. ಆಮೇಲೆ ತಿರುಗಿತು. ನಾಲಿಗೆಯ ತುದಿಗೆ ಮಾತು ಬಂದು ನಿಂತಿತು. ಹಲ್ಲು ಕಚ್ಚಿದೆ. ಇದು ಅವಳ ವರ್ಷದ ಬೆಳೆ, ಹಾಳಾದರೆ ಪಾಪ ನನಗೇ ಸುತ್ತಿಕೊಳ್ಳುತ್ತದೆ. ಒಂದು ಉಸಿರು ಎಳೆದೆ. ಇನ್ನೊಂದು ಎಳೆದೆ. ಹಿಂದೆ ಸದ್ದಿಲ್ಲ. ಇನ್ನು ಆಗದು, ಹೇಳಿಯೇಬಿಡುತ್ತೇನೆ ಎಂದು ಬಾಯಿ ತೆರೆದೆ.

ಅಷ್ಟರಲ್ಲಿ ಮೆಣಿಕೆ ಕೂಗಿದಳು. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ದನಿ ಇತ್ತೆಂದು ಅವಳ ಸೊಸೆಗೂ ಗೊತ್ತಿರಲಿಲ್ಲವಂತೆ. ಸಿಂಹಳ ನನಗೆ ಬಾರದು. ಆದರೆ ಟೀಚರ್ ತಮಿಳಿಗೆ ತರುವ ಮೊದಲೇ ಅರ್ಥವಾಗಿತ್ತು.

ತಿರುಗಿ ನೋಡಿದೆ. ಮೆಣಿಕೆ ಎದ್ದು ನಿಂತಿದ್ದಳು. ಉಳಿದವರು ಯಾರೂ ಕೊಳ್ಳಿ ಮುಟ್ಟದೆ, ಹೌದೋ ಅಲ್ಲವೋ ಎಂದು ನನ್ನತ್ತ ನೋಡುತ್ತಿದ್ದರು.

"ನನ್ ಮಕ ಏನ್ರವ್ವಾ ನೋಡೀರಿ?" ಎಂದು ನಮ್ಮೂರ ಕನ್ನಡದಲ್ಲೇ ಗದರಿದೆ. "ಅವ್ಳು ಯೋಳುದ್ಲಲ್ಲ, ಎಳೀರಿ!"

ಒಬ್ಬರಿಗೂ ಕನ್ನಡ ಬಾರದು. ಹನ್ನೊಂದು ಜೋಡಿ ಕೈ ಒಟ್ಟಿಗೇ ಒಲೆಗೆ ಇಳಿದವು.